ಅಮೆರಿಕದ ಕಾಲೇಜು ಹುಡುಗೀರ ಬಾಸ್ಕೆಟ್‌ಬಾಲ್: ಅಭಿಮಾನಿಗಳ ಬಲ ಅಳೆಯೋದು ಹೇಗೆ?

2023ರ ಅಕ್ಟೋಬರ್ 15ನೇ ತಾರೀಕು ಅಯೋವಾ ಯೂನಿವರ್ಸಿಟಿ ಹುಡುಗೀರು ಅವರದೇ ಫುಟ್‌ಬಾಲ್ ಸ್ಟೇಡಿಯಂ ಕಿನ್ನಿಕ್‌ನಲ್ಲಿ ಬಯಲಲ್ಲೇ ಕೋರ್ಟ್ ಹಾಕಿಸ್ಕೊಂಡು ಡಿಪಾಲ್ ಯೂನಿವರ್ಸಿಟಿ ಜೊತೆ ಆಡಿದ್ರು, ನೋಡೋಕೆ ಬಂದೋರು 55,646 ಜನ. ಮಹಿಳಾ ಬಾಸ್ಕೆಟ್‌ಬಾಲ್‌ಗೇ ಅದು ದಾಖಲೆ. ಆದ್ರೆ ಅದು ಎಕ್ಸಿಬಿಷನ್ ಮ್ಯಾಚು, ಸೀಸನ್ ಲೆಕ್ಕಕ್ಕೇ ಬರಲ್ಲ. ಜಾತ್ರೆ ದಿನ ತಲೆ ಎಣಿಸಿ ಊರಿನ ಜನಸಂಖ್ಯೆ ಹೇಳೋಕಾಗಲ್ಲ ಅಲ್ವಾ, ಇದೂ ಹಂಗೇ. ಒಂದು ತಂಡಕ್ಕೆ ನಿಜವಾಗ್ಲೂ ಎಷ್ಟು ಬೆಂಬಲ ಇದೆ ಅಂತ ತಿಳ್ಕೋಬೇಕು ಅಂದ್ರೆ ಅದರ ಅತಿ ದೊಡ್ಡ ಮ್ಯಾಚಲ್ಲ, ಅತಿ ಸಣ್ಣ ಮ್ಯಾಚು ನೋಡ್ಬೇಕು.

ಮೊದಲು ಒಂದು ತಂಡ ಆರಿಸ್ಕೊಳ್ಳಿ. ಪ್ರತಿ ಮ್ಯಾಚಿನ ಬಾಕ್ಸ್ ಸ್ಕೋರ್ (ಅಂಕಿಅಂಶದ ಪಟ್ಟಿ) ಕಾಲೇಜಿನ ಸೈಟಲ್ಲೇ ಸಿಗುತ್ತೆ, ಅದ್ರಲ್ಲಿ ಅಟೆಂಡೆನ್ಸ್ ಅಂತ ಒಂದು ಸಾಲು ಇರುತ್ತೆ. ಹೋಮ್ ಮ್ಯಾಚುಗಳ ನಂಬರ್ ಎಲ್ಲಾ ಒಂದು ಶೀಟಲ್ಲಿ ಬರ್ಕೊಳ್ಳಿ, ಪಕ್ಕದಲ್ಲಿ ಎದುರಾಳಿ ಯಾರು, ವಾರ ಯಾವುದು, ಎಷ್ಟೊತ್ತಿಗೆ ಶುರುವಾಯ್ತು ಅಂತಾನೂ ಹಾಕಿ.

ಎರಡನೇದು, ಸರಾಸರಿ ನಂಬಿ ಕೂರಬೇಡಿ, ಸ್ಕೂಲಲ್ಲಿ ಕಲಿತಿದ್ವಲ್ಲ ಮಧ್ಯಾಂಕ, ಅದನ್ನ ತೆಗೀರಿ. 15 ಮ್ಯಾಚಲ್ಲಿ 14ಕ್ಕೆ 3,000 ಜನ, ಒಂದಕ್ಕೆ ಮಾತ್ರ 15,000 ಜನ ಬಂದ್ರು ಅಂತ ಇಟ್ಕೊಳ್ಳಿ, ಸರಾಸರಿ 3,800 ಅಂತ ಬರುತ್ತೆ, ಆದ್ರೆ ಆ ತಂಡದ ಮಾಮೂಲಿ ಜನ 3,000 ಅಷ್ಟೇ. 2023-24ರಲ್ಲಿ ಇದು ಬರೀ ಲೆಕ್ಕದ ಉದಾಹರಣೆ ಆಗಿರಲಿಲ್ಲ, ಅಯೋವಾದ ಸ್ಟಾರ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಹೋದ ಕಡೆಯೆಲ್ಲಾ ಹೆಚ್ಚುಕಮ್ಮಿ ಟಿಕೆಟ್ ಖಾಲಿ. ಹಾಗಾಗಿ ಬೇರೆ ತಂಡದ ಆ ವರ್ಷದ ಲೆಕ್ಕ ನೋಡ್ತಿದ್ರೆ ಅಯೋವಾ ಬಂದ ದಿನಾನ ತೆಗೆದಿಟ್ಟು ಇನ್ನೊಂದ್ಸಲ ಕೂಡಿ. ಬೆಳಗ್ಗೆ ಹೊತ್ತು ಸ್ಕೂಲ್ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬರೋ ಮ್ಯಾಚುಗಳೂ ಇರ್ತವೆ, ಗದ್ದಲ ಭಾರಿ ಇರುತ್ತೆ, ಆದ್ರೆ ನಾನಂತೂ ಅದನ್ನ ಬೇರೆ ಕಾಲಂಗೆ ಹಾಕ್ತೀನಿ. ಇಷ್ಟೆಲ್ಲಾ ಆದ್ಮೇಲೆ ವಾರದ ಮಧ್ಯೆ ರಾತ್ರಿ ಹೆಸರಿಲ್ಲದ ಎದುರಾಳಿ ಜೊತೆ ಆಡಿದ ಮ್ಯಾಚು ಹುಡುಕಿ, ಅವತ್ತೂ ಬಂದೋರೇ ಅಸಲಿ ಅಭಿಮಾನಿಗಳು.

ಇನ್ನೊಂದು ಕಿತಾಪತಿ ಇದೆ. ಘೋಷಣೆ ಮಾಡೋ ಸಂಖ್ಯೆ ಬಹಳ ಸಲ ಮಾರಿದ ಇಲ್ಲಾ ಹಂಚಿದ ಟಿಕೆಟ್ಟಿನ ಲೆಕ್ಕ, ಗೇಟಲ್ಲಿ ಸ್ಕ್ಯಾನ್ ಆದ ಲೆಕ್ಕ ಅಲ್ಲ. ಸೀಸನ್ ಟಿಕೆಟ್ ತಗೊಂಡು ಮನೇಲೇ ಕೂತೋರೂ ಅದ್ರಲ್ಲಿ ಸೇರಿರ್ತಾರೆ. ಸ್ಕ್ಯಾನ್ ಲೆಕ್ಕ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಸಿಗದಿದ್ರೆ ಹೋಲಿಸೋ ಎರಡೂ ತಂಡಕ್ಕೆ ಒಂದೇ ಥರದ ಲೆಕ್ಕ ಬಳಸಿ.

ಆಮೇಲೆ ಸೀಟುಗಳು. ಸೌತ್ ಕೆರೊಲಿನಾ ಯೂನಿವರ್ಸಿಟಿಯ ಅರೀನಾದಲ್ಲಿ (ಒಳಾಂಗಣ ಸ್ಟೇಡಿಯಂ) ಸುಮಾರು 18,000 ಜನ ಹಿಡೀತಾರೆ, ಅಯೋವಾದ್ರಲ್ಲಿ ಸುಮಾರು 15,000. ಅಯೋವಾದ್ದು ಪೂರ್ತಿ ತುಂಬಿದ್ರೂ 15,000 ದಾಟಲ್ಲ, ಸೌತ್ ಕೆರೊಲಿನಾದ್ರಲ್ಲಿ 16,000 ಬಂದ್ರೂ ಎರಡು ಸಾವಿರ ಸೀಟು ಖಾಲಿ, ಯಾರು ಮುಂದೆ? ನನ್ನ ಕೇಳಿದ್ರೆ ತಲೆ ಎಣಿಕೆ, ಶೇಕಡಾವಾರು ಎರಡೂ ಬರೀರಿ, ಜೊತೆಗೆ ಊರಿನ ಜನಸಂಖ್ಯೆನೂ ಇರ್ಲಿ, ಅಯೋವಾ ಸಿಟಿಲಿ ಇರೋದೇ ಮುಕ್ಕಾಲು ಲಕ್ಷ ಜನ. ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಇನ್ನೂ ತಲೆನೋವು, ಕ್ಯಾಂಪಸ್ಸಲ್ಲಿರೋ ಹತ್ತು ಸಾವಿರದ ಅರೀನಾದಲ್ಲಿ ಕೆಲವು ಮ್ಯಾಚು, ಹಾರ್ಟ್‌ಫರ್ಡ್‌ನ ದೊಡ್ಡದ್ರಲ್ಲಿ ಕೆಲವು, ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕ್ಬೇಕು.

ಈಗ ಟಿವಿ, ಜನ ಜಾಸ್ತಿ ಯಾಮಾರೋದು ಇಲ್ಲೇ. 2024ರ ಏಪ್ರಿಲ್ 7ರಂದು ನಡೆದ ಕಾಲೇಜು ಹುಡುಗೀರ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಸೌತ್ ಕೆರೊಲಿನಾ 87-75ರಲ್ಲಿ ಅಯೋವಾನ ಸೋಲಿಸ್ತು (ನಮ್ಮಲ್ಲಿ ಆಗ ಮಧ್ಯರಾತ್ರಿ ಹನ್ನೆರಡೂವರೆ). ನೋಡಿದ್ದು ಸುಮಾರು 1.89 ಕೋಟಿ ಜನ, ಮಾರನೇ ದಿನದ ಹುಡುಗರ ಫೈನಲ್ ನೋಡಿದ್ದು 1.48 ಕೋಟಿ. ಹುಡುಗೀರ ಫೈನಲ್ ಮುಂದೆ ಹೋಗಿದ್ದು ಅದೇ ಮೊದಲು. ಖುಷಿನೇ, ಆದ್ರೆ ಹುಡುಗೀರ ಮ್ಯಾಚು ಬಂದಿದ್ದು ಆಂಟೆನಾ ಇದ್ರೆ ಫ್ರೀಯಾಗಿ ಸಿಗೋ ಎಬಿಸಿಯಲ್ಲಿ, ಭಾನುವಾರ ಮಧ್ಯಾಹ್ನ. ಹುಡುಗರದ್ದು ಕೇಬಲ್ ಚಾನಲ್‌ನಲ್ಲಿ, ಸೋಮವಾರ ರಾತ್ರಿ. 2022ರಲ್ಲಿ ಇಎಸ್‌ಪಿಎನ್ ಕೇಬಲ್‌ನಲ್ಲಿ ಬಂದ ಫೈನಲ್ ನೋಡಿದ್ದು 48.5 ಲಕ್ಷ, 2023ರಲ್ಲಿ ಎಬಿಸಿಗೆ ಬಂತು, 99 ಲಕ್ಷ ಆಯ್ತು. ಆ ಏರಿಕೆಯಲ್ಲಿ ಕ್ಲಾರ್ಕ್ ಪಾಲೆಷ್ಟು, ಚಾನಲ್ ಪಾಲೆಷ್ಟು? 2025ರಲ್ಲಿ ಅದೇ ಚಾನಲ್, ಅದೇ ಭಾನುವಾರ, ಕ್ಲಾರ್ಕ್ ಅಷ್ಟೊತ್ತಿಗೆ ಕಾಲೇಜು ಮುಗಿಸಿ ಹೋಗಾಗಿತ್ತು, 85 ಲಕ್ಷ. ಅರ್ಧಕ್ಕಿಂತ ಜಾಸ್ತಿ ಬಿದ್ದೋಯ್ತು ಅಂತ ಕೂಗಾಡಿದ್ರೆ ತಪ್ಪಾಗುತ್ತೆ, ಹೋಲಿಸ್ಬೇಕಾಗಿರೋದು 2023ರ ಜೊತೆ. ಅದರ ಮೇಲೂ ಒಂದು ಚಿಟಿಕೆ ಅನುಮಾನ ಇಟ್ಕೊಳ್ಳಿ, ಯಾಕಂದ್ರೆ ಬಾರು ಹೋಟೆಲಲ್ಲಿ ಕೂತು ನೋಡೋರನ್ನ ಟಿವಿ ನೋಡೋರ ಲೆಕ್ಕ ಇಡೋ ನೀಲ್ಸನ್ ಕಂಪನಿ 2025ರಿಂದ ಇನ್ನೂ ಜಾಸ್ತಿ ಕಡೆ ಎಣಿಸೋಕೆ ಶುರು ಮಾಡಿದೆ. ಅಂದಹಾಗೆ ಇವೆಲ್ಲಾ ನಿಮಿಷವಾರು ಸರಾಸರಿ, ‘ಪೀಕ್’ ಅಂತ ಬರೋ ನಂಬರ್ (ಅತಿ ಹೆಚ್ಚು ಜನ ನೋಡ್ತಿದ್ದ ಹೊತ್ತಿನದ್ದು) ಬೇರೆ, ಎರಡನ್ನ ಬೆರೆಸಬೇಡಿ.

ಸೋಶಿಯಲ್ ಮೀಡಿಯಾ ಫಾಲೋವರ್ಸ್ ಬಿಟ್ಟುಬಿಡಿ, ಆಟಗಾರ್ತಿ ಬೇರೆ ಕಾಲೇಜಿಗೆ ಹೋದ್ರೆ ಅವರೂ ಹಿಂದೇನೇ ಹೋಗ್ತಾರೆ.

ಕೊನೇದಾಗಿ ಒಂದು ಸೀಸನ್ ಸಾಲಲ್ಲ, ಹತ್ತು ವರ್ಷದ್ದು ಒಟ್ಟಿಗೆ ಇಡಿ, ಪಕ್ಕದಲ್ಲಿ ಗೆಲುವು-ಸೋಲೂ ಬರೀರಿ. ಡಾನ್ ಸ್ಟೇಲಿ 2008ರಲ್ಲಿ ಸೌತ್ ಕೆರೊಲಿನಾಗೆ ಕೋಚ್ ಆಗಿ ಬಂದಾಗ ಮೊದಲ ಸೀಸನ್ 10 ಗೆಲುವು 18 ಸೋಲು. ಅಟೆಂಡೆನ್ಸ್‌ನಲ್ಲಿ ದೇಶಕ್ಕೇ ಮೊದಲು ಬಂದಿದ್ದು 2014-15ರಲ್ಲಿ, ಮೊದಲ ಕಪ್ ಸಿಕ್ಕಿದ್ದು 2017ರಲ್ಲಿ. ಅಂದ್ರೆ ಅಲ್ಲಿ ಕಪ್ಪಿಗಿಂತ ಮುಂಚೆನೇ ಜನ ಬಂದಿದ್ರು. ಅಯೋವಾ ಶೀಟಲ್ಲಿ ಇದೇ ಥರ 2024ರ ಕೆಳಗೆ ಒಂದು ಗೆರೆ ಎಳೆದು, ಕ್ಲಾರ್ಕ್ ಹೋದ್ಮೇಲಿನ ಸೀಸನ್‌ಗಳನ್ನ ಒಂದೊಂದಾಗಿ ತುಂಬ್ತಾ ಹೋಗಿ.