ತೇವ ಬಿಡದ ದೋಣಿಗೆ ಯಾವ ಸೀಲೆಂಟ್?

ಸೀಲೆಂಟ್ ಎಂದರೆ ಸಂದು, ಬಿರುಕು ಮುಚ್ಚುವ ಅಂಟು. ಹಚ್ಚುವ ಮೊದಲು ತೇವ ಎಷ್ಟಿದೆ ನೋಡಿ. ಬಟ್ಟೆಯಲ್ಲಿ ಒರೆಸಿದ ಮೇಲೂ ದೋಣಿಯ ಫೈಬರ್ ಮೈ ತಣ್ಣಗೆ, ಮಂಕಾಗಿದ್ದರೆ ಅದು ಬರೀ ತೇವ. ಬಿರುಕಿನಿಂದ ನೀರು ಜಿನುಗುತ್ತಿದ್ದರೆ ಕತೆಯೇ ಬೇರೆ.

ಬರೀ ತೇವಕ್ಕೆ ಎಂಎಸ್ ಪಾಲಿಮರ್ (ತೇವದ ಮೈಗೂ ಹಿಡಿಯುವ, ಟ್ಯೂಬಿನಲ್ಲಿ ಬರುವ ಸೀಲೆಂಟ್) ನಮ್ಮ ಮೊದಲ ಆಯ್ಕೆ. ಪಾಲಿಯುರೆಥೇನ್ ಸೀಲೆಂಟ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದಲೇ, ಹಾಗೆಂದು ಒದ್ದೆ ಮೈಗೆ ಹಚ್ಚಬೇಡಿ: ಇಂಗಾಲದ ಡೈಆಕ್ಸೈಡ್ ಹುಟ್ಟಿ ಒಳಗೆ ಗುಳ್ಳೆ ಬರುತ್ತದೆ, ಅಂಚು ಎದ್ದುಬರುತ್ತದೆ. ಬಾತ್‌ರೂಮಿನ ಸಿಲಿಕೋನ್ ಬೇಡವೇ ಬೇಡ. ಅದರ ಪಸೆ ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯದು. ಪಾಲಿಸಲ್ಫೈಡ್ ಸೀಲೆಂಟ್ ನೀರಿನಡಿ ಚೆನ್ನಾಗಿ ಬಾಳುತ್ತದೆ, ಆದರೆ ಅಕ್ರಿಲಿಕ್ ಕಿಟಕಿಯನ್ನು ಹಾಳುಮಾಡುತ್ತದೆ.

ನೀರು ಜಿನುಗುತ್ತಿದ್ದರೆ ಟ್ಯೂಬ್ ಪಕ್ಕಕ್ಕಿಡಿ. ನೀರಿನಡಿಯಲ್ಲೇ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ ಪುಟ್ಟಿಯನ್ನು ಬಣ್ಣ ಒಂದೇ ಆಗುವವರೆಗೆ ನಾದಿ, ಬಿರುಕಿಗೆ ಒತ್ತಿ ಹಿಡಿಯಿರಿ. ಇದು ತಾತ್ಕಾಲಿಕ. ದೋಣಿಯನ್ನು ದಡಕ್ಕೆಳೆದು ಸರಿಮಾಡಲೇಬೇಕು.

ಯಾವುದನ್ನೇ ಹಚ್ಚಿ, ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಿರಿ. ಉಳಿದ ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಆದಷ್ಟು ಒಣಗಿಸಿ, 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಅಸಿಟೋನಿನಿಂದ ಒರೆಸಿ. ಸೀಲೆಂಟ್ ಹಚ್ಚಿ ಕೂರಿಸುವ ಭಾಗಕ್ಕೆ ಸ್ಕ್ರೂಗಳಿದ್ದರೆ, ಅವನ್ನು ಮೊದಲು ಅರ್ಧ ಬಿಗಿ ಮಾಡಿ. ಪೂರ್ತಿ ಬಿಗಿದರೆ ಸೀಲೆಂಟೆಲ್ಲ ಹೊರಬಂದು ಒಳಗೇನೂ ಉಳಿಯದು. ಸೀಲೆಂಟ್ ದಿನಕ್ಕೆ ಸುಮಾರು 2–3 ಮಿ.ಮೀ. ಆಳ ಮಾತ್ರ ಗಟ್ಟಿಯಾಗುವುದರಿಂದ, ಪೂರ್ತಿ ಬಿಗಿಯುವುದು ಮರುದಿನ.