ಮುಟ್ಟು ತಡವಾಗಿದೆಯೇ? ಕಾರಣ ಹುಡುಕುವ ಕ್ರಮ ಹೀಗಿರಲಿ

ತಾರೀಖು ದಾಟಿ ನಾಲ್ಕು ದಿನವಾದರೆ ಸಾಕು, ಎಳ್ಳು–ಬೆಲ್ಲ ತಿನ್ನು, ಪರಂಗಿ ಹಣ್ಣು ತಿನ್ನು ಎಂಬ ಸಲಹೆಗಳು ಶುರು. ಕೆಲವರು ಮೆಡಿಕಲ್ ಶಾಪಿನಲ್ಲಿ ಕೇಳಿ ‘ಮುಟ್ಟು ಬರಿಸುವ ಮಾತ್ರೆ’ಯನ್ನೂ ನುಂಗಿಬಿಡುತ್ತಾರೆ. ಕಾರಣ ತಿಳಿಯದೆ ಮದ್ದು ಮಾಡುವುದು ಅಪಾಯ. ಕಾರಣ ಹುಡುಕಲು ಒಂದು ಕ್ರಮವಿದೆ, ಅದರ ಅರ್ಧ ಕೆಲಸವನ್ನು ಮನೆಯಲ್ಲೇ ಮಾಡಬಹುದು.

ಮೊದಲು ದಿನ ಎಣಿಸಿ

ರಕ್ತಸ್ರಾವ ಸರಿಯಾಗಿ ಶುರುವಾದ ದಿನವೇ ಒಂದನೇ ದಿನ. ಅದಕ್ಕೂ ಮುಂಚೆ ಕಂಡ ಸಣ್ಣ ಕಲೆ ಲೆಕ್ಕಕ್ಕಿಲ್ಲ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಸ್ರಾವ ನಿಂತ ದಿನದಿಂದ ಎಣಿಸುವವರಿದ್ದಾರೆ. ಆಗ ನಾಲ್ಕೈದು ದಿನ ತಪ್ಪಿಹೋಗುತ್ತದೆ. ವಯಸ್ಕರಲ್ಲಿ 21ರಿಂದ 35 ದಿನ ಸಹಜ. ಮೈನೆರೆದ ಮೊದಲ ಎರಡು–ಮೂರು ವರ್ಷ 45 ದಿನದವರೆಗೂ ಹೋಗಬಹುದು.

ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಮುಟ್ಟಾಗಲು ಸುಮಾರು ಎರಡು ವಾರ ಬೇಕು, ಈ ಅವಧಿ ಅಷ್ಟಾಗಿ ಬದಲಾಗುವುದಿಲ್ಲ. ಹೆಚ್ಚುಕಡಿಮೆ ಆಗುವುದು ಅದಕ್ಕೂ ಮುಂಚಿನ ದಿನಗಳಲ್ಲಿ. ಗರ್ಭ ನಿಂತಿಲ್ಲವಾದರೆ, ಮುಟ್ಟು ತಡವಾಗಲು ಸಾಮಾನ್ಯ ಕಾರಣ ಅಂಡ ಬಿಡುಗಡೆ ತಡವಾಗಿರುವುದು ಅಥವಾ ಆಗದೇ ಹೋಗಿರುವುದು. ಆದ್ದರಿಂದ ಈ ವಾರ ಏನಾಯಿತು ಎಂದಲ್ಲ, ಮೂರ್ನಾಲ್ಕು ವಾರದ ಹಿಂದೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ: ಡೆಂಗಿ ಜ್ವರ, ಪರೀಕ್ಷೆಯ ಒತ್ತಡ, ರಾತ್ರಿ ಪಾಳಿ, ಮನೆಯಲ್ಲೊಂದು ಸಾವು. ಹಾಗೇನಾದರೂ ಇದ್ದು, ಒಂದೇ ತಿಂಗಳು ಒಂದೆರಡು ವಾರ ಏರುಪೇರಾದರೆ ಮುಂದಿನ ಚಕ್ರದವರೆಗೆ ಕಾಯಬಹುದು, ಗರ್ಭ ನಿಂತಿಲ್ಲ ಎಂದು ಖಚಿತವಾಗಿದ್ದರೆ ಮಾತ್ರ.

ಎರಡನೆಯದು ಗರ್ಭ ಪರೀಕ್ಷೆ

ಲೈಂಗಿಕ ಸಂಪರ್ಕವಾಗಿದ್ದರೆ, ಕಾಂಡೋಮ್ ಬಳಸಿದ್ದರೂ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೂ ಈ ಹಂತ ಬಿಡಬೇಡಿ. ಕಿಟ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ; ಆಶಾ ಕಾರ್ಯಕರ್ತೆಯರ ಬಳಿ ಸರ್ಕಾರದ ‘ನಿಶ್ಚಯ್’ ಕಿಟ್ ಇರುತ್ತದೆ. ಕೊಳ್ಳುವಾಗ ಅವಧಿ ಮುಗಿದಿಲ್ಲವೇ ನೋಡಿ. ಬೆಳಗಿನ ಮೊದಲ ಮೂತ್ರವನ್ನು ಒಣಗಿದ, ಸೋಪಿನ ಅಂಶವಿಲ್ಲದ ಲೋಟದಲ್ಲಿ ಹಿಡಿಯಿರಿ. ಕಿಟ್ಟಿನೊಳಗಿನ ಡ್ರಾಪರ್‌ನಿಂದ ‘ಎಸ್’ ಎಂದಿರುವ ಗುಳಿಯೊಳಗೆ ಚೀಟಿಯಲ್ಲಿ ಹೇಳಿದಷ್ಟು ಹನಿ, ಸಾಮಾನ್ಯವಾಗಿ ಎರಡು–ಮೂರು, ಬಿಟ್ಟು ಐದು ನಿಮಿಷ ಕಾಯಿರಿ. ‘ಸಿ’ ಬಳಿ ಮಾತ್ರ ಗೆರೆ ಬಂದರೆ ಗರ್ಭವಿಲ್ಲ. ‘ಟಿ’ ಬಳಿಯೂ ಬಂದರೆ, ಎಷ್ಟೇ ಮಸುಕಾಗಿದ್ದರೂ, ಗರ್ಭ ನಿಂತಿದೆ ಎಂದೇ ತಿಳಿದು ವೈದ್ಯರನ್ನು ಕಾಣಿ. ‘ಸಿ’ ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಬೇರೆ ತನ್ನಿ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಗೆರೆಯನ್ನು ನಂಬುವಂತಿಲ್ಲ.

ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಗರ್ಭವೂ ತಡವಾಗಿಯೇ ನಿಂತಿರುತ್ತದೆ, ಮೂತ್ರದಲ್ಲಿ ಹಾರ್ಮೋನು ಇನ್ನೂ ಸಾಲದು. ಹಾಗಾಗಿ ಫಲಿತಾಂಶ ‘ಇಲ್ಲ’ ಎಂದು ಬಂದು, ಮುಟ್ಟೂ ಆಗದಿದ್ದರೆ ಒಂದು ವಾರದ ನಂತರ ಮತ್ತೆ ಮಾಡಿ.

ಗರ್ಭ ಬೇಡವೆಂದರೂ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಗರ್ಭ ಕೋಶದೊಳಗೆ ನಿಲ್ಲದೆ ಗರ್ಭನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಒಳಗೇ ರಕ್ತ ಹರಿಯಬಹುದು. ಮುಟ್ಟು ತಡವಾಗಿ, ಕೆಳಹೊಟ್ಟೆಯಲ್ಲಿ ವಿಪರೀತ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಗರ್ಭಪಾತಕ್ಕೆ ಬಂದ ಮಹಿಳೆಯ ಗುರುತನ್ನು ವೈದ್ಯರು ಗುಟ್ಟಾಗಿಡಬೇಕೆಂದು ಕಾನೂನೇ ಹೇಳುತ್ತದೆ, ಮದುವೆಯಾಗಿರಲಿ, ಆಗದಿರಲಿ.

ಮೂರನೆಯದು ಮಾತ್ರೆಗಳ ಪಟ್ಟಿ

ಕೆಲವು ಸಲ ಕಾರಣ ಅಡಗಿರುವುದು ಮನೆಯ ಔಷಧದ ಡಬ್ಬಿಯಲ್ಲೇ. ಮೂರು ತಿಂಗಳಲ್ಲಿ ತೆಗೆದುಕೊಂಡದ್ದನ್ನೆಲ್ಲ ಬರೆಯಿರಿ.

ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ನುಂಗುವ ಕ್ಯಾಪ್ಸೂಲ್‌ಗಳಲ್ಲಿ ಕೆಲವಕ್ಕೆ ಡಾಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವು ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಅನ್ನು ಏರಿಸಿ ಅಂಡ ಬಿಡುಗಡೆಯನ್ನು ತಡೆಯಬಲ್ಲವು. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಹೆಸರನ್ನು ಓದಿ. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಕೂಡ ಹೀಗೆಯೇ. ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಸಂಪರ್ಕದ ನಂತರ ನುಂಗುವ ತುರ್ತು ಮಾತ್ರೆಯಿಂದ ಮುಟ್ಟು ಒಂದು ವಾರದಷ್ಟು ಹಿಂದೆಮುಂದೆ ಆಗಬಹುದು. ಸರ್ಕಾರಿ ಆಸ್ಪತ್ರೆಯ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಪಡೆಯುವವರಿಗೆ ಮುಟ್ಟು ನಿಲ್ಲುವುದು ಸಾಮಾನ್ಯ, ಬಿಟ್ಟ ಮೇಲೂ ಮರಳಲು ತಿಂಗಳುಗಳೇ ಹಿಡಿಯುತ್ತವೆ. ‘ಛಾಯಾ’ ಗರ್ಭನಿರೋಧಕ ಮಾತ್ರೆಯೂ ಮೊದಮೊದಲು ಮುಟ್ಟನ್ನು ಮುಂದೂಡುತ್ತದೆ. ಜಾತ್ರೆ, ಮದುವೆ, ವ್ರತ ಎಂದು ಮುಟ್ಟು ಮುಂದಕ್ಕೆ ಹಾಕಲು ನೊರೆಥಿಸ್ಟೆರೋನ್ ತೆಗೆದುಕೊಂಡಿದ್ದರೆ ನಿಲ್ಲಿಸಿದ ಎರಡು–ಮೂರು ದಿನಕ್ಕೆ ಸ್ರಾವ ಬರಬೇಕು. ವಾರವಾದರೂ ಬಾರದಿದ್ದರೆ ಮತ್ತೆ ಕಿಟ್ ಹಿಡಿಯಿರಿ.

ದೇಹ ಏನು ಹೇಳುತ್ತಿದೆ?

ಗಲ್ಲದಲ್ಲಿ ದಪ್ಪ ಕೂದಲು, ಹೋಗದ ಮೊಡವೆ, ಕತ್ತಿನ ಹಿಂದೆ ಕಪ್ಪು, ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಇದ್ದರೆ ಪಿಸಿಒಡಿ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ತಪ್ಪುವ ತೊಂದರೆ) ಶಂಕೆ. ತೆಳ್ಳಗಿರುವವರಿಗೂ ಇದು ಬರುತ್ತದೆ. ಹದಿಹರೆಯದವರಿಗೆ ಸ್ಕ್ಯಾನಿಂಗ್ ಒಂದನ್ನೇ ನೋಡಿ ಆ ಹೆಸರು ಹಚ್ಚಬಾರದು, ಆ ವಯಸ್ಸಿನ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ಸಹಜ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಥೈರಾಯ್ಡ್ ಕಡೆಗೆ ಬೆರಳು ತೋರಿಸುತ್ತವೆ. ಕೂಸಿಲ್ಲದಿದ್ದರೂ ಮೊಲೆಯಿಂದ ಹಾಲು, ಜೊತೆಗೆ ತಲೆನೋವು ಅಥವಾ ದೃಷ್ಟಿ ಮಂಜಾದರೆ ಪ್ರೊಲ್ಯಾಕ್ಟಿನ್ ಏರಿರಬಹುದು. ಡಯಟ್ ಹೆಸರಿನಲ್ಲಿ ಬೇಗ ತೂಕ ಇಳಿಸಿದವರ ದೇಹ, ಆಹಾರ ಸಾಲದೆಂದು, ಅಂಡ ಬಿಡುಗಡೆಯನ್ನೇ ನಿಲ್ಲಿಸಿಬಿಡುತ್ತದೆ. ಇದಕ್ಕೆ ಮದ್ದು ಊಟ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲೂ ಬಾರದೆ, ಮುಟ್ಟೂ ಮರಳದಿದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು, ಇದನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಹಾಲೂಡಿಸುವ ತಾಯಂದಿರಿಗೆ ಮುಟ್ಟಾಗದಿರುವುದು ಸಹಜವೇ. ಆದರೆ ಮೊದಲ ಮುಟ್ಟಿಗೂ ಮುನ್ನವೇ ಗರ್ಭ ನಿಲ್ಲಬಹುದು. ನಲವತ್ತು ದಾಟಿದವರಲ್ಲಿ ಚಕ್ರ ತಪ್ಪುವುದು ಮುಟ್ಟು ನಿಲ್ಲುವ ಸೂಚನೆ ಇರಬಹುದು. ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎನ್ನಬಹುದು.

ವೈದ್ಯರ ಬಳಿ ಯಾವಾಗ?

ಮೂರು ತಿಂಗಳು ಮುಟ್ಟಾಗದಿದ್ದರೆ, ನಲವತ್ತರೊಳಗೇ ನಿಲ್ಲುವಂತೆ ಕಂಡರೆ, 15 ತುಂಬಿದರೂ ಹುಡುಗಿ ಮೈನೆರೆಯದಿದ್ದರೆ ಹೋಗಲೇಬೇಕು. ಮೈನೆರೆಯದ ಹುಡುಗಿಗೆ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತಿದ್ದರೆ ರಕ್ತ ಒಳಗೇ ಕಟ್ಟಿಕೊಂಡಿರಬಹುದು, ಆಗ 15ರವರೆಗೂ ಕಾಯಬೇಡಿ.

ದಿನಾಂಕಗಳ ಚೀಟಿ ಮತ್ತು ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ. ಸಾಮಾನ್ಯವಾಗಿ ಗರ್ಭ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸ್ಕ್ಯಾನಿಂಗ್ ಬರೆಯುತ್ತಾರೆ. ಪ್ರೊಲ್ಯಾಕ್ಟಿನ್‌ಗೆ ಬೆಳಿಗ್ಗೆ, ಎದ್ದು ಎರಡು ಗಂಟೆಯಾದರೂ ಕಳೆದ ಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ರಕ್ತ ಕೊಡಿ. ಓಡಿಬಂದು ಕೊಟ್ಟರೆ ಅಂಕಿ ಸುಳ್ಳೇ ಏರುತ್ತದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ, ಅದಕ್ಕೆ ನೀರು ಕುಡಿದು ಮೂತ್ರ ತಡೆದುಕೊಂಡು ಹೋಗಬೇಕು.