ಒಂದೇ ದಿಮ್ಮಿಯಲ್ಲಿ ದೋಣಿ ಕೊರೆಯುವುದು ಹೇಗೆ

ಕೈಯಿಂದ ದೋಣಿ ಮಾಡಲು ಹೊರಟವರು ಮೊದಲು ಉಳಿ, ಬಾಚಿ ಹುಡುಕುತ್ತಾರೆ. ಅದಕ್ಕಿಂತ ಮುಂಚೆ ಮರ ಹುಡುಕಿ. ನೆಟ್ಟಗೆ ಬೆಳೆದಿರಬೇಕು, ಗಂಟು ಕಡಿಮೆ ಇರಬೇಕು, ತೊಗಟೆಯ ಗೆರೆಗಳು ನೇರವಾಗಿ ಮೇಲೆ ಹೋಗಿರಬೇಕು. ಗೆರೆಗಳು ಕಾಂಡವನ್ನು ಸುತ್ತಿಕೊಂಡು ಹೋಗಿದ್ದರೆ ಸಾಮಾನ್ಯವಾಗಿ ಒಳಗಿನ ಎಳೆಯೂ ಹಾಗೇ ತಿರುಚಿರುತ್ತದೆ, ಅಂಥದ್ದನ್ನು ಸೀಳುವುದೇ ಕಷ್ಟ. ಒಬ್ಬರು ಕೂರುವ ದೋಣಿಗೆ 4 ಮೀಟರ್ ಉದ್ದ, 70 ಸೆಂ.ಮೀ. ದಪ್ಪದ ದಿಮ್ಮಿ ಸಾಕು. ನೆದರ್‌ಲ್ಯಾಂಡ್ಸ್‌ನ ಪೆಸ್ಸೆಯಲ್ಲಿ 1955ರಲ್ಲಿ ಸಿಕ್ಕ, ಸುಮಾರು 10 ಸಾವಿರ ವರ್ಷ ಹಳೆಯ ಪೈನ್ ಮರದ ದೋಣಿಯ ಉದ್ದ 3 ಮೀಟರ್ ಕೂಡ ಇಲ್ಲ, ಅಗಲ 44 ಸೆಂ.ಮೀ. ಅಷ್ಟೇ!

ಹಸಿ ಮರದಲ್ಲೇ ಕೆಲಸ ಶುರು ಮಾಡಿ, ಬಾಚಿ ಸಲೀಸಾಗಿ ಇಳಿಯುತ್ತದೆ. ಆದರೆ ಹಸಿ ದಿಮ್ಮಿ ತುದಿಗಳಿಂದ ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಕಡಿದ ದಿನವೇ ಎರಡೂ ತುದಿಗೆ ಮೇಣ ಅಥವಾ ದಪ್ಪ ಪೇಂಟ್ ಬಳಿದು ನೆರಳಿಗೆ ಹಾಕಿ. ರಾತ್ರಿ ಒದ್ದೆ ಗೋಣಿ ಹೊದಿಸಿ.

ದಿಮ್ಮಿಯನ್ನು ಬೆಣೆ ಹೊಡೆದು ಉದ್ದಕ್ಕೆ ಸೀಳಿ, ಒಳ್ಳೆಯ ಅರ್ಧವನ್ನು ಇಟ್ಟುಕೊಳ್ಳಿ. ಬಿರುಕುಗಳು ಹೆಚ್ಚಾಗಿ ಮರದ ನಟ್ಟನಡುವಿನ ತಿರುಳಿನಿಂದಲೇ ಹೊರಡುತ್ತವೆ. ಹಾಗಾಗಿ ಸೀಳಿದ ಮುಖ ಮೇಲೆ ಬರುವಂತೆ ಇಟ್ಟು, ತಿರುಳಿಗಿಂತ ಸ್ವಲ್ಪ ಕೆಳಗೇ ದೋಣಿಯ ಅಂಚಿನ ಗೆರೆ ಹಾಕಿ. ಮಧ್ಯಕ್ಕೆ ಒಂದು ದಾರ ಎಳೆದು ಬಣ್ಣದ ಗೆರೆ ಮೂಡಿಸಿ. ಈ ಗೆರೆ ಅಳಿಸಿಹೋದಾಗಲೆಲ್ಲ ಮತ್ತೆ ಹಾಕಲೇಬೇಕು, ಯಾಕೆಂದರೆ ಎಡ ಬಲ ಒಂದೇ ಥರ ಇದೆಯಾ ಅಂತ ನೋಡಲು ನಿಮಗಿರುವ ಆಧಾರ ಅದೊಂದೇ.

ಈಗ ದಿಮ್ಮಿ ಮಗುಚಿ ಹೊರಮೈ ಮೊದಲು ಕೆತ್ತಿ. ಒಳಗಡೆ ಮೊದಲು ತೋಡಲು ಆಸೆಯಾಗುತ್ತದೆ, ಬೇಡ. ಹೊರಗಿನ ಆಕಾರ ಮುಗಿದಿದ್ದರೆ ಗೋಡೆಯ ದಪ್ಪ ಅಳೆಯಲು ಒಂದು ಹಳೆಯ ಉಪಾಯ ಬಳಸಬಹುದು. ಹೊರಗಡೆಯಿಂದ ಒಂದೊಂದು ಗೇಣಿಗೆ ಬೈರಿಗೆಯಿಂದ ಸಣ್ಣ ತೂತು ಕೊರೆಯಿರಿ. ಪಕ್ಕಗಳಲ್ಲಿ 2.5 ಸೆಂ.ಮೀ. ಆಳ, ತಳದಲ್ಲಿ 4 ಸೆಂ.ಮೀ. ಅಷ್ಟೇ ಉದ್ದದ ಒಣ ಮರದ ಗೂಟಗಳ ತುದಿಗೆ ಕಪ್ಪು ಬಣ್ಣ ಹಚ್ಚಿ, ಆ ತುದಿ ಒಳಗೆ ಹೋಗುವಂತೆ ಬಿಗಿಯಾಗಿ ಬಡಿಯಿರಿ. ಒಳಗೆ ತೋಡುತ್ತಾ ಹೋದಾಗ ಕಪ್ಪು ಚುಕ್ಕಿ ಕಂಡಿತೋ, ಅಲ್ಲಿಗೆ ನಿಲ್ಲಿಸಿ. ಒಣ ಗೂಟದ ಸುತ್ತಲಿನ ಹಸಿಮರ ಒಣಗುತ್ತಾ ಕುಗ್ಗುವುದರಿಂದ ಗೂಟ ಇನ್ನೂ ಬಿಗಿಯಾಗುತ್ತದೆ, ನೀರು ಸೋರುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಹಂತ ಇದು.

ತೋಡುವುದು ಹೀಗೆ: ಕೊಡಲಿಯಿಂದ ಅಡ್ಡಡ್ಡ ಕಚ್ಚು ಹಾಕಿ, ಕಚ್ಚುಗಳ ನಡುವಿನ ತುಂಡುಗಳನ್ನು ಎಳೆ ಹಿಡಿದು ಎಬ್ಬಿಸಿ, ಚುಕ್ಕಿ ಹತ್ತಿರ ಬಂದ ಮೇಲೆ ಬಾಚಿ, ಕೊನೆಗೆ ಉಳಿ. ಬೆಂಕಿ ಇಟ್ಟು ಸುಟ್ಟು ಕೆರೆಯುವ ಪದ್ಧತಿಯೂ ಇದೆ, ಅಂಚಿಗೆ ಒದ್ದೆ ಮಣ್ಣು ಮೆತ್ತಿ ಕಾಯಬೇಕು. ನನಗೆ ಬಾಚಿಯೇ ವಾಸಿ ಅನಿಸುತ್ತದೆ.

ಅಗಲ ಸಾಲದಿದ್ದರೆ ಹಬೆ ಕೊಟ್ಟು ಬಾಯಿ ಅಗಲಿಸಬಹುದು. ಒಳಗೆ ಗೇಣುದ್ದ ನೀರು ತುಂಬಿ, ಕೆಂಪಗೆ ಕಾದ ಕಲ್ಲುಗಳನ್ನು ಇಕ್ಕಳದಿಂದ ಇಳಿಸಿ, ಮೇಲೆ ದಪ್ಪ ಚಾಪೆ ಮುಚ್ಚಿ. ಹೊಳೆಯ ಕಲ್ಲು ಖಂಡಿತ ಬೇಡ, ಒಳಗೆ ಸೇರಿದ ನೀರು ಕಾದು ಸಿಡಿಯುತ್ತವೆ. ಮರ ಮೆತ್ತಗಾದಂತೆ ಅಡ್ಡಕ್ಕೆ ಕೋಲು ಕೊಡುತ್ತಾ, ಸ್ವಲ್ಪ ಸ್ವಲ್ಪವೇ ಉದ್ದದ ಕೋಲಿಗೆ ಬದಲಾಯಿಸಿ. ಬಾಯಿ ಅಗಲವಾದಂತೆ ನಡುವಿನ ಅಂಚು ತಗ್ಗುತ್ತದೆ, ತುದಿಗಳು ಏಳುತ್ತವೆ. ಇದು ಗೊತ್ತಿದ್ದರೆ ಕೆತ್ತುವಾಗಲೇ ನಡುವಿನ ಅಂಚನ್ನು ಎತ್ತರ ಬಿಟ್ಟಿರುತ್ತೀರಿ, ಅಲ್ವಾ? ತಣ್ಣಗಾದ ಮೇಲೆ ಗಟ್ಟಿ ಅಡ್ಡಪಟ್ಟಿಗಳನ್ನು ಕೂರಿಸಿಯೇ ಕೋಲು ತೆಗೆಯಿರಿ.

ನೆರಳಲ್ಲಿ ನಿಧಾನ ಒಣಗಿಸಿ, ಬೆಚ್ಚಗಿನ ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಮೊದಲು ಮೊಣಕಾಲುದ್ದ ನೀರಲ್ಲಿ ಖಾಲಿ ದೋಣಿ ತೇಲಿಸಿ ನೋಡಿ. ಒಂದು ಕಡೆ ವಾಲಿದರೆ, ವಾಲಿದ ಕಡೆಯ ಗೋಡೆಯನ್ನು ಒಳಗಿನಿಂದ ತೆಳುವಾಗಿ ಕೆರೆದು ಮತ್ತೆ ಇಳಿಸಿ. ಆಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿ.